ಕಳೆಯುವ ಲೆಕ್ಕದ ಫಲಿತಾಂಶ

ಆ ವರ್ಷ ರಾಜ್ಯದ ಎಲ್ಲ ಶಾಲೆಗಳ ಮೂರನೇ ತರಗತಿಗೂ ಓದು ಮತ್ತು ಗಣಿತದ ಒಂದೇ ಪರೀಕ್ಷೆ ಬಂದಿತ್ತು. ನೆಕ್ರಾಜೆ ಕಡೆಯ ಕನ್ನಡ ಶಾಲೆಯೊಂದರಲ್ಲಿ ನಾನು ಆ ತರಗತಿಯ ಟೀಚರ್. ಮಕ್ಕಳು ಚೆನ್ನಾಗಿ ಓದಿದರು. ಆದರೆ ಹತ್ತರ ಸ್ಥಾನದಿಂದ ಎರವಲು ಪಡೆದು ಕಳೆಯುವ ಲೆಕ್ಕದಲ್ಲಿ ಹೆಚ್ಚಿನವರು ತಪ್ಪಿದರು.

ಪಿಟಿಎ ಸಭೆಗೆ ಒಬ್ಬ ತಾಯಿ ಮಗಳ ಫಲಿತಾಂಶದ ಹಾಳೆ ಹಿಡಿದು, ಬೈಸಿಕೊಳ್ಳಲು ಸಿದ್ಧರಾಗಿಯೇ ಬಂದರು.

“ಇವಳು ಫೇಲಾ ಟೀಚರ್?”

“ಇದರಲ್ಲಿ ಪಾಸು, ಫೇಲು ಇಲ್ಲ. ಮಕ್ಕಳಿಗೆ ಎಂತ ಬರುವುದಿಲ್ಲ ಅಂತ ನೋಡಿ, ಅದನ್ನು ನಾವು ಪುನಃ ಕಲಿಸಬೇಕು.”

“ಬೇರೆ ಮಕ್ಕಳಿಗೆ ಈ ಲೆಕ್ಕ ಬಂದಿದೆಯಾ?”

“ಹೆಚ್ಚಿನವರಿಗೆ ಬರಲಿಲ್ಲ.”

ಅವರು ಹಾಳೆಯನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. “ಹಾಗಾದರೆ ಇದು ನಿಮ್ಮ ಪರೀಕ್ಷೆ ಅಲ್ವಾ?”

ಈ ಪರೀಕ್ಷೆಯ ಬಗ್ಗೆ ಮೂರು ದಿನ ತರಬೇತಿಯಲ್ಲಿ ಕೂತರೂ ನನಗೆ ಇದು ಇಷ್ಟು ಸ್ಪಷ್ಟವಾಗಿ ಅರ್ಥವಾಗಿರಲಿಲ್ಲ. ಹೌದೆಂದು ಒಪ್ಪಿಕೊಂಡೆ. ಅವರಿಗೆ ಕನಿಕರ ಬಂತು.

“ಬೇಜಾರು ಮಾಡಬೇಡಿ ಟೀಚರ್. ನನಗೂ ಈ ಲೆಕ್ಕ ತಲೆಗೆ ಹೋಗ್ತಿರಲಿಲ್ಲ,” ಎಂದು ನನ್ನ ಕೈ ತಟ್ಟಿ ಹೋದರು.

ಮರುದಿನವೇ ನಾನು ಐಸ್‌ಕ್ರೀಮ್ ಕಡ್ಡಿಗಳನ್ನು ಹತ್ತತ್ತರ ಕಟ್ಟು ಮಾಡಿ ತಂದು ಪಾಠವನ್ನು ಮೊದಲಿನಿಂದ ಸುರು ಮಾಡಿದೆ. ಒಂದು ವಾರ ಕಳೆದ ಮೇಲೆ ಅವರ ಮಗಳು ನನ್ನ ಮೇಜಿನ ಹತ್ತಿರ ಬಂದು ನಿಂತಳು.

“ಟೀಚರ್, ನಿಮಗೆ ಈಗ ಆ ಲೆಕ್ಕ ಬರ್ತದಾ ಅಂತ ಅಮ್ಮ ಕೇಳಿದ್ದಾರೆ.”