ಎರಡನೆಯ ಕಣ್ಣು ಬರೆದವಳು

ತಕಸಾಕಿ ಊರಿನ ದರುಮಾ ಗೊಂಬೆ ಮಾಡುವ ಕೇರಿಯಲ್ಲಿ ಹಿಸಾನೊಳ ಕೈಗೆ ಸಾಟಿಯಿಲ್ಲ. ಕೆಂಪು ಗುಂಡು ಗೊಂಬೆಯ ಮುಖದ ಮೇಲೆ ಅವಳು ಕುಂಚ ಎಳೆದಳೆಂದರೆ ಹುಬ್ಬು ಕೊಕ್ಕರೆಯಾಗುತ್ತದೆ, ಮೀಸೆ ಆಮೆಯಾಗುತ್ತದೆ, ಎರಡೂ ದೀರ್ಘಾಯುಸ್ಸಿನ ಗುರುತು. ಕಣ್ಣು ಮಾತ್ರ ಖಾಲಿ. ಕೊಂಡವರು ಏನಾದರೂ ಬೇಡಿಕೊಂಡು ಒಂದು ಕಣ್ಣು ಬರೆಯಬೇಕು, ಬೇಡಿದ್ದು ಕೈಗೂಡಿದ ಮೇಲೆ ಇನ್ನೊಂದು. ಊರಿಗೆಲ್ಲ ಅದೃಷ್ಟ ಹಂಚಿದವಳ ಬಾಳು ನೋಡಿದರೆ ಕರುಳು ಚುರ್ ಎನ್ನುತ್ತದೆ.

ಇಪ್ಪತ್ತಾರರ ಹರೆಯದಲ್ಲಿ ಅವಳೂ ಒಂದು ಕಣ್ಣು ಬರೆದಿದ್ದಳು. ಗೊಂಬೆಯ ಅಚ್ಚು ಕೆತ್ತುವ ಶಿನ್‌ಪೇಯನ್ನು ಮದುವೆಯಾಗಿ ಅವನ ಜೊತೆ ದೂರದ ಶಿರಕಾವಾ ಊರಿಗೆ ಹೋಗಬೇಕು, ಅಷ್ಟೇ ಅವಳ ಆಸೆ. ತಾಯಿ ತೊಕು ಕೂಡ ಪಕ್ಕದಲ್ಲೇ ತನ್ನದೊಂದು ಗೊಂಬೆ ಇಟ್ಟು ಒಂದು ಕಣ್ಣು ಬರೆದಳು. ತನ್ನ ಮದುವೆಗೆಂದೇ ಅಮ್ಮ ಬೇಡಿಕೊಂಡಿರಬೇಕು ಎಂದುಕೊಂಡಳು ಹಿಸಾನೊ, ಹುಚ್ಚು ಹುಡುಗಿ!

ಹೊರಡುವ ತಿಂಗಳು ಬಂತು, ತೊಕು ಸೊಂಟ ಹಿಡಿದು ಮಲಗಿದಳು. "ಹೋಗು ತಾಯಿ, ನನ್ ಹೆಣಕ್ಕೆ ಯಾರಾದ್ರೂ ದಿಕ್ಕಾಗ್ತಾರೆ" ಎಂದು ಗೋಳಾಡಿದಳು. ಹಿಸಾನೊ ಶಿನ್‌ಪೇಗೆ, "ಒಂದು ವರ್ಷ ತಡೀರಿ" ಎಂದಳು. ಅವನು ತಡೆಯಲಿಲ್ಲ, ಬೇರೊಬ್ಬಳನ್ನು ಕಟ್ಟಿಕೊಂಡ. ಆ ಸುದ್ದಿ ಬಂದ ವಾರವೇ ತೊಕು ಎದ್ದು ಕೂತು ಮೂಲಂಗಿ ಉಪ್ಪಿನಕಾಯಿ ಹಾಕಿದಳು. ಆಮೇಲೆ ತನ್ನ ಗೊಂಬೆಯನ್ನು ಮಗಳ ಮುಂದಿಟ್ಟು, "ನನ್ ಕೈ ಇನ್ನೂ ನಡುಗುತ್ತೆ ಕಣೇ. ಇನ್ನೊಂದು ಕಣ್ಣು ನೀನೇ ಬರಿ" ಎಂದಳು.

"ಏನು ಕೈಗೂಡ್ತಮ್ಮ?"

"ಬೇಡಿದ್ದನ್ನ ಬಾಯಿಬಿಟ್ಟು ಹೇಳ್ಬಾರ್ದು. ಸುಮ್ನೆ ಬರಿ."

ಸೊಂಟ ವಾಸಿಯಾದ ಸಂತೋಷವಿರಬೇಕು ಎಂದುಕೊಂಡು ಹಿಸಾನೊ ಬರೆದಳು.

ಈಗ ಅವಳಿಗೆ ಐವತ್ತೆಂಟು. ತೊಕು ಈ ಸಲ ನಿಜವಾಗಿಯೂ ಹಾಸಿಗೆ ಹಿಡಿದಿದ್ದಾಳೆ. ಮೊನ್ನೆ ಚಹಾಕ್ಕೆ ಬಂದ ಪಕ್ಕದ ಮನೆಯ ಹಮಾ, "ಎಂಥಾ ಮಗಳನ್ನ ಪಡ್ಕೊಂಡು ಬಂದಿದೀರಿ ಅಜ್ಜಿ!" ಎಂದಳು.

"ಪಡ್ಕೊಂಡು ಬರೋದೇನು, ಬೇಡಿ ಉಳಿಸ್ಕೊಂಡೆ!" ತೊಕು ಬೊಚ್ಚುಬಾಯಿ ಬಿಟ್ಟು ನಕ್ಕಳು. "ಆ ಅಚ್ಚಿನವನ ಜೊತೆ ಇವಳು ಹೋಗ್ಬಾರ್ದು ಅಂತ ದರುಮಾಗೆ ಒಂದು ಕಣ್ಣು ಬರ್ದಿದ್ದೆ. ಅದೇ ವರ್ಷ ಕೊಡ್ತು ನೋಡು!"

ಥೂ! ತನ್ನ ಬಾಳಿಗೆ ಮಣ್ಣು ಬಿದ್ದದ್ದಕ್ಕೆ ತಾನೇ ಕುಂಚ ಹಿಡಿದು ಕಣ್ಣು ಬರೆದುಕೊಟ್ಟಿದ್ದಳು ಹಿಸಾನೊ. ಅವಳು ಹಮಾಳನ್ನು ಬಾಗಿಲವರೆಗೆ ಕಳಿಸಿ ಬಂದಳು. ಆಮೇಲೆ ಹೊಸ ಗೊಂಬೆಯೊಂದನ್ನು ತಂದು, ತಾಯಿಯ ಎದುರೇ ಕೂತು, ಒಂದು ಕಣ್ಣು ಬರೆದು ಹಾಸಿಗೆಯ ಕಾಲ್ದೆಸೆಯಲ್ಲಿ ಇಟ್ಟಳು.

"ಇದೇನೇ ಇದು? ಹುಬ್ಬೆಲ್ಲಿ? ಮೀಸೆ ಎಲ್ಲಿ?"

"ಇದಕ್ಕೆ ಕೊಕ್ಕರೆ, ಆಮೆ ಯಾವ್ದೂ ಬೇಡಮ್ಮ."

"ಏನ್... ಏನ್ ಬೇಡ್ಕೊಂಡ್ಯೇ?"

"ಬಾಯಿಬಿಟ್ಟು ಹೇಳ್ಬಾರ್ದು ಅಂತ ನೀನೇ ಹೇಳಿಲ್ವೇನಮ್ಮ? ಬಾಯಿ ತೆಗಿ, ಗಂಜಿ ಆರಿಹೋಗುತ್ತೆ" ಎಂದು ಹಿಸಾನೊ ಚಮಚ ಹಿಡಿದಳು.

ತೊಕು ಬಾಯಿ ತೆರೆಯಲಿಲ್ಲ.