ಟಬ್ಬಿಗೆ ಆಸಿಡ್ ಹುಯ್ದವಳು ನಾನು

ಹಲಸೂರಿನ ನಮ್ಮ ಬಾಡಿಗೆ ಮನೆಯ ಬಚ್ಚಲಲ್ಲಿ ಒಂದು ಎನಾಮಲ್ ಟಬ್ಬಿತ್ತು. ಕೆಳಗಿದ್ದ ಓನರ್ ಆಂಟಿಯ ತಾತ ತರಿಸಿದ್ದಂತೆ. ಅದರಲ್ಲಿ ಕಾಲು ಚಾಚಿ ಮಲಗೋ ಪುರುಸೊತ್ತು ಯಾರಿಗಿತ್ತು? ಅದರೊಳಗೇ ನಿಂತು, ಬಕೆಟ್ಟಿಂದ ಚೊಂಬಲ್ಲಿ ಹುಯ್ಕೊಂಡು ಸ್ನಾನ ಮುಗಿಸ್ತಿದ್ವಿ. ಬೋರ್‌ವೆಲ್ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ನಲ್ಲಿಯಿಂದ ತೂತಿನವರೆಗೆ ಕಂದು ಕಲೆ ಇಳಿದಿತ್ತು.

ನಮ್ಮನೆ ಕೆಲಸದವಳು ಆಂಟಿ ಮನೆಯಲ್ಲೂ ಮಾಡ್ತಿದ್ದಳು. ಹುಣಸೆಹಣ್ಣು, ಉಪ್ಪು ಸೇರಿಸಿ ದಿನಾ ಒಂದಿಷ್ಟು ಉಜ್ಜೋಳು. "ನಿಧಾನಕ್ಕೆ ಹೋಗತ್ತೆ ಅಕ್ಕಾ, ಎಳೇ ಮೈ ಅದು" ಅನ್ನೋಳು. ಕಲೆ ನಿಜವಾಗ್ಲೂ ತಿಳಿಯಾಗ್ತಿತ್ತು. ಆದರೆ ನನಗೆಲ್ಲಿ ತಾಳ್ಮೆ! ಭಾನುವಾರ ದಾವಣಗೆರೆಯಿಂದ ನಾದಿನಿ ಬರೋಳಿದ್ದಳು. ವಿಡಿಯೋ ಕಾಲಲ್ಲಿ ಟಬ್ಬು ನೋಡಿ, "ಅಯ್ಯೋ, ಇದರಲ್ಲಿ ನಿಂತ್ಕೊಂಡು ಸ್ನಾನ ಮಾಡ್ತೀರಾ?" ಅಂತ ಮೂಗು ಮುರಿದಿದ್ದಳು. ಅವಳ ಬಾಯಿ ಮುಚ್ಚಿಸ್ಬೇಕಿತ್ತು, ಅಷ್ಟೇ.

ಬೀದಿಯಲ್ಲಿ ಸೈಕಲ್ ಮೇಲೆ ಆಸಿಡ್, ಫಿನಾಯಿಲ್ ಅಂತ ಕೂಗ್ತಾ ಬರೋನ ಹತ್ರ ಒಂದು ಬಾಟಲಿ ತಗೊಂಡೆ. ಕೆಲಸದವಳು ಹೋಗೋದನ್ನೇ ಕಾದು ಪೂರ್ತಿ ಹುಯ್ದೆ. ಬುಸ್ ಅಂತ ನೊರೆ ಎದ್ದು, ಹೊಗೆಗೆ ಕಣ್ಣಲ್ಲಿ ನೀರು ಬಂತು. ತೊಳೆದು ನೋಡಿದರೆ ಕಲೆ ಮಾಯ. ಜೊತೆಗೆ ಹೊಳಪೂ ಮಾಯ. ಕೈಯಾಡಿಸಿದರೆ ಉಪ್ಪುಕಾಗದದ ಹಾಗೆ ತರಿತರಿ. ನಾದಿನಿ ಬರೋ ಹೊತ್ತಿಗೆ ಆ ತರಿಯಲ್ಲಿ ಹೊಸ ಕಲೆ ಮೊದಲಿಗಿಂತ ಗಾಢವಾಗಿ ಕೂತಿತ್ತು.

ಸೋಮವಾರ ಆಂಟಿ ಗೀಸರ್ ನೋಡೋಕೆ ಮೇಲೆ ಬಂದರು. ಕೆಲಸದವಳು ನೆಲ ಒರೆಸ್ತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಆಂಟಿ ಟಬ್ಬು ಮುಟ್ಟಿ ನೋಡಿ, "ಆಸಿಡ್ ಹಾಕಿದ್ದೀಯಾ?" ಅಂದರು. ನನ್ನನ್ನಲ್ಲ, ಅವಳನ್ನ! ನನ್ನ ಕಡೆ ತಿರುಗಿಯೂ ನೋಡಲಿಲ್ಲ ಆ ಮಹಾತಾಯಿ.

"ನಾನಲ್ಲಮ್ಮಾ."

"ಮತ್ತಿನ್ಯಾರು? ಓದಿದವರು ಇಂಥ ಕೆಲ್ಸ ಮಾಡ್ತಾರಾ?"

ಅವಳು ನನ್ನ ಮುಖ ನೋಡಿದಳು. ಓದಿದವಳು, ಎರಡೆರಡು ಡಿಗ್ರಿಯ ಘನಂದಾರಿ ಹೆಂಗಸು, ಗೀಸರ್ ನೋಡ್ತಾ ನಿಂತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು! ಮನೆ ಖಾಲಿ ಮಾಡಿ ಅಂತಾರೇನೋ ಅನ್ನೋ ಹೆದರಿಕೆಗೆ ಬಾಯಿಗೆ ಬೀಗ ಬಿದ್ದಿತ್ತು. "ನಾಳೆಯಿಂದ ಬರ್ಬೇಡ. ಮೇಲೂ ಬೇಡ, ಕೆಳಗೂ ಬೇಡ" ಅಂದರು ಆಂಟಿ. ಅವಳು ಒರೆಸೋ ಬಟ್ಟೆ ಹಿಂಡಿ, ಕಟ್ಟೆ ಮೇಲೆ ಹರವಿ ಹೋದಳು. ವಾರದೊಳಗೆ ಅದೇ ಬೀದಿಯ ಇನ್ನೆರಡು ಮನೆಯವರೂ ಅವಳನ್ನ ಬಿಡಿಸಿದರು.

ಹನ್ನೊಂದು ದಿನ ಗಂಡನ ಮೇಲೆ, ಕುಕ್ಕರ್ ಮೇಲೆ, ಕಂಡಕಂಡವರ ಮೇಲೆ ಹರಿಹಾಯ್ದೆ. ಹನ್ನೆರಡನೇ ದಿನ ತಡೆಯೋಕಾಗದೆ ಕೆಳಗಿಳಿದು ಹೇಳಿಬಿಟ್ಟೆ. "ಆಂಟಿ, ಆಸಿಡ್ ಹಾಕಿದ್ದು ನಾನು."

ಆಂಟಿ ನಕ್ಕರು! "ಓ, ನೀವಾ? ಹೋಗ್ಲಿ ಬಿಡಿ ಮಾ, ಹಳೇ ಟಬ್ಬು. ಕೂತ್ಕೊಳ್ಳಿ, ಕೇಕ್ ಇದೆ."

"ಹಾಗಾದ್ರೆ ಅವಳನ್ನ ವಾಪಸ್ ಕರೀಲಾ?"

"ಅಯ್ಯೋ ಬೇಡ. ಈಗ ಬಂದಿರೋಳು ನೀಟಾಗಿ ಮಾಡ್ತಾಳೆ."

ಮೈಯೆಲ್ಲಾ ಉರಿದುಹೋಯಿತು. ಅದೇ ತಪ್ಪು, ಅದೇ ಟಬ್ಬು. ಅವಳಿಗೆ ಬೀದಿ, ನನಗೆ ಕೇಕು. ತಟ್ಟೆ ಎತ್ತಿ ಬಿಸಾಡ್ಬೇಕಿತ್ತು. ಬಿಸಾಡಲಿಲ್ಲ, ತಿಂದೆ. ಅದನ್ನ ನೆನೆಸಿಕೊಂಡರೆ ಈಗಲೂ ಹಲ್ಲು ಕಚ್ಚಿಕೊಳ್ತೀನಿ.

ಅವತ್ತು ಸಂಜೆಯೇ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿದ್ದ ಅವಳ ಮನೆಗೆ ಹೋದೆ. ಟಿನ್ ಫ್ಯಾಕ್ಟರಿ ಹತ್ರ ಒಂದು ಅಪಾರ್ಟ್‌ಮೆಂಟಲ್ಲಿ ಕೆಲಸ ಹಿಡಿದಿದ್ದಳಂತೆ. ಆಗಷ್ಟೇ ಬಸ್ಸಿಳಿದು ಬಂದು, ಹೊಸಲಿನ ಮೇಲೆ ಕೂತು ಕಾಲು ನೀವಿಕೊಳ್ತಿದ್ದಳು. ಎಲ್ಲಾ ಒಂದೇ ಉಸಿರಿಗೆ ಹೇಳಿ, ತಪ್ಪಾಯ್ತು ಅಂದೆ. ಬೈಯಲಿ ಅಂತ ಕಾದೆ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನ ಆಗ್ತಿತ್ತು.

"ನಿಮ್ಗೇನೂ ಅನ್ಲಿಲ್ಲ ಅಲ್ವಾ ಅಕ್ಕಾ, ಅವ್ರು?"

"ಇಲ್ಲ."

"ಅವತ್ತೇ ಹೇಳಿದ್ರೂ ಏನೂ ಅಂತಿರ್ಲಿಲ್ಲ" ಅಂದಳು.