ಕುಂಬಳಕಾಯಿಗೆ ಉಣಿಸಿದ ಐದು ಬಕೆಟ್

ಮೊನ್ನೆ ಬಾಲ್ಕನಿಯ ಕರಿಬೇವಿನ ಗಿಡಕ್ಕೆಂದು ನೀವು ಮೊಮ್ಮಕ್ಕಳಿಬ್ಬರೂ ಒಂದು ಬಾಟಲಿ ತಂದಿರಿ. ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದು, "ಆಯಿ, ಮೂಸಿ ನೋಡ, ಒಣಮೀನಿನ ವಾಸನಿ" ಎಂದು ನಕ್ಕಿರಿ. ನನಗೆ ನಗು ಬರಲಿಲ್ಲ. ಎದ್ದು ಅಡುಗೆಮನೆಗೆ ಹೋದೆ. ಅಲ್ಲಿ ಏನೂ ಕೆಲಸವಿರಲಿಲ್ಲ. ಮತ್ತೆ ಹೊರಗೆ ಬಂದೆ. ಆವತ್ತಿನಿಂದ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಇದನ್ನು ಬರೆಯಲು ಕುಳಿತ ಮೇಲೂ ಮೂರು ಸಲ ಎದ್ದಿದ್ದೇನೆ.

ಅದು ಕಡಲಪಾಚಿಯ ರಸ. ಹದಿನೈದು ವರ್ಷಗಳ ಹಿಂದೆ ನನ್ನ ಕೈಗೆ ಆ ವಾಸನೆ ಅಂಟಿತ್ತು. ಏನು ಕಥೆ ಎಂದು ನೀವು ಕೇಳಿದಿರಿ. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನ ಎದುರಿಗೆ ಕುಳಿತರೆ ಎದ್ದುಬಿಡುತ್ತೇನೆ. ಊರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಓದಲು ಸುಲಭವಾಗಲೆಂದು ದೊಡ್ಡದಾಗಿಯೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ನಿಮ್ಮ ಅವ್ವ ಕಾಲೇಜಿಗೆ ಹೋಗುತ್ತಿದ್ದಳು. ನಾನು ಗೋವೆಯ ಇದೇ ಪರ್ವರಿಯ ಒಂದು ಬಂಗಲೆಯಲ್ಲಿ ಕಸಮುಸುರೆಯ ಕೆಲಸಕ್ಕೆ ಸೇರಿದ್ದೆ. ಮನೆಯ ಒಡತಿಯನ್ನು ಇಲ್ಲಿಯ ರೂಢಿಯಂತೆ ಎಲ್ಲರೂ ಬಾಯಿ ಎನ್ನುತ್ತಿದ್ದೆವು. ಹಿತ್ತಲಿನಲ್ಲಿ ದೊಡ್ಡ ತೋಟ, ತೋಟಕ್ಕೊಬ್ಬ ಮಾಲಿ. ಸವಣೂರಿನ ಕಡೆಯ ಮುಸಲ್ಮಾನರು, ಅರವತ್ತು ದಾಟಿದವರು. ಗೇಟಿನೊಳಗೆ ಕಾಲಿಟ್ಟ ಮೊದಲ ದಿನವೇ ಅವರು ನಮ್ಮ ಕಡೆಯ ಮಾತು ಆಡಿದ್ದು ಕೇಳಿ ನನಗೆ ಅಳು ಬಂದಿತ್ತು. ನಾನು ಅವರನ್ನು ಕಾಕಾ ಎಂದೆ. ಅವರು ನನ್ನನ್ನು ಮಗಳ ಎಂದರು.

ಕಾಕಾನ ಹೆಂಡತಿ ಎಂದೋ ತೀರಿಹೋಗಿದ್ದರು. ಒಬ್ಬಳೇ ಮಗಳು ಝುವಾರಿನಗರದಲ್ಲಿ, ಒಂದೇ ಖೋಲಿಯಲ್ಲಿ ಆರು ಜನರೊಡನೆ ಇದ್ದಳು. ಕಾಕಾ ತೋಟದ ಮೂಲೆಯಲ್ಲಿ ಗುದ್ದಲಿ, ಪೈಪು ಇಡುವ ತಗಡಿನ ಶೆಡ್ಡಿನಲ್ಲೇ ಮಲಗುತ್ತಿದ್ದರು. ಹನ್ನೊಂದು ವರ್ಷ ಹಾಗೇ ಕಳೆದಿತ್ತು. ಆ ತೋಟ ಬಿಟ್ಟರೆ ಅವರಿಗೆ ಹೋಗಲು ಜಾಗವಿರಲಿಲ್ಲ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಬಾಯಿಗೆ ಬೇರೆ ಯೋಚನೆ ಬಂತು. ಮಗ ಎರಡನೆಯ ಕಾರು ತಂದಿದ್ದ. ಹಿತ್ತಲು ಸಮ ಮಾಡಿಸಿ ಸಿಮೆಂಟಿನ ಪೇವರ್ ಕಲ್ಲು ಹಾಕಿಸಿದರೆ ಕಾರು ನಿಲ್ಲಿಸಲು ಜಾಗವಾಗುತ್ತದೆ ಎಂದರು. ಕಾಕಾ ಒಂದು ಹಂಗಾಮು ಬಿಡಿ ಎಂದು ಕೇಳಿಕೊಂಡರು. ಅದೇ ಹೊತ್ತಿಗೆ ಮಗ ಮೊಬೈಲಿನಲ್ಲಿ ಏನೋ ತೋರಿಸಿದ. ಯಾವುದೋ ದೇಶದಲ್ಲಿ ಒಬ್ಬ ಮನುಷ್ಯ ಕುಂಬಳಕಾಯಿಯ ಹೊಟ್ಟೆ ಬಗೆದು, ಅದರೊಳಗೆ ಕುಳಿತು ಕೆರೆಯಲ್ಲಿ ಹುಟ್ಟು ಹಾಕುತ್ತಿದ್ದ. ಬಾಯಿ ಅದನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕಾಕಾನಿಗೆ ಹೇಳಿದರು: ಜನವರಿಯ ಫಲಪುಷ್ಪ ಪ್ರದರ್ಶನದಲ್ಲಿ ತೂಕದ ಪಂದ್ಯವಿದೆ, ನಿನ್ನ ಕುಂಬಳಕಾಯಿ ಮೊದಲನೆಯದಾದರೆ ತೋಟ ತೋಟವಾಗಿಯೇ ಇರಲಿ. ಅವರು ಕೆಟ್ಟವರಲ್ಲ. ನಗುವಿನಲ್ಲಿ ಆಡಿದ ಮಾತನ್ನೂ ಉಳಿಸಿಕೊಳ್ಳುವವರು. ಅದಕ್ಕೇ ಕಾಕಾ ಆ ಮಾತನ್ನು ಬಿಗಿಯಾಗಿ ಹಿಡಿದುಕೊಂಡರು.

ಬೀಜ ಬಾಯಿಯ ಮಗನೇ ತರಿಸಿದ. ಜೊತೆಗೆ ಎರಡು ಔಷಧಿ. ಒಂದು, ಚಿಟಿಕೆಯಷ್ಟು ಬಿಳಿ ಪುಡಿ. ಅದರ ಹೆಸರು ಉದ್ದ, ಕಾಕಾ ಅದನ್ನು ಲಂಬೂ ಪುಡಿ ಎನ್ನುತ್ತಿದ್ದರು. ಸ್ಪಿರಿಟ್ಟಿನಲ್ಲಿ ಕರಗಿಸಿ, ಸೂಜಿ ಇಲ್ಲದ ಸಿರಿಂಜಿನಲ್ಲಿ ಅಳೆದು ನೀರಿಗೆ ಬೆರೆಸಿ, ಬಿಸಿಲೇರುವ ಮೊದಲು ಎಲೆಗಳಿಗೆ ಸಿಂಪಡಿಸಬೇಕು. ನನಗೆ ಮುಟ್ಟಗೊಡುತ್ತಿರಲಿಲ್ಲ. ಬೇಲಿಯ ಹತ್ತಿರದ ಒಂದು ಬಳ್ಳಿಗೆ ಬೇಕೆಂದೇ ಹೆಚ್ಚು ಹಾಕಿ ತೋರಿಸಿದರು. ಅದು ನಾಲ್ಕೇ ದಿನದಲ್ಲಿ ಸರಸರ ಉದ್ದವಾಯಿತು, ಆದರೆ ದಂಟು ದಾರದಷ್ಟು ತೆಳ್ಳಗೆ, ಎಲೆ ಹಳದಿ. "ನೋಡ, ಎತ್ತರ ಆತು, ಕಸುವಿಲ್ಲ" ಎಂದರು. ಇನ್ನೊಂದು, ಈ ಕಪ್ಪು ಕಡಲಪಾಚಿ ರಸ. ಇದಕ್ಕೆ ಮಾತ್ರ ಅವರು ಊಟ ಎನ್ನುತ್ತಿದ್ದರು. ವಾರಕ್ಕೊಮ್ಮೆ ಒಂದು ಬಕೆಟ್ ನೀರಿಗೆ ಒಂದು ಮುಚ್ಚಳ. ಪುಡಿ ಔಷಧಿ, ರಸ ಊಟ. ನನ್ನ ತಲೆಯಲ್ಲಿ ಹಾಗೇ ಕುಳಿತುಬಿಟ್ಟಿತು...

ಹೆಣ್ಣುಹೂ ಅರಳಿದ ದಿನ ನಾನು ಬೆಳಗ್ಗೆ ಬೇಗ ಹೋಗಿದ್ದೆ. ಗಂಡುಹೂವಿನ ಎಸಳು ಕಿತ್ತು, ಅದರ ಪುಡಿಯನ್ನು ಹೆಣ್ಣುಹೂವಿನೊಳಗೆ ಸವರಿ, ದುಂಬಿ ಒಳಗೆ ಹೋಗದಂತೆ ಹೂ ಮುಚ್ಚಿ ದಾರ ಕಟ್ಟಬೇಕು. ಕಾಕಾನ ಕೈ ನಡುಗುತ್ತಿತ್ತು. ನನ್ನನ್ನು ಕರೆದರು. ನಾನು ಹಿಂದೆ ಸರಿದೆ. ಊರಿನಲ್ಲಿ ನಾದಿನಿಯ ಮಗಳ ಮದುವೆಯಲ್ಲಿ ಅಕ್ಕಿಕಾಳು ಹಾಕುವ ಹೊತ್ತಿಗೆ, ಗಂಡ ಸತ್ತವಳೆಂದು ನನ್ನನ್ನು ಒಳಗಿನ ಕೋಣೆಯಲ್ಲಿ ಕೂರಿಸಿದ್ದು ಮನಸ್ಸಿನಲ್ಲಿ ಹಸಿಯಾಗಿತ್ತು. ಲಗ್ನದಂಥ ಕೆಲಸಕ್ಕೆ ನನ್ನ ಕೈ ಬೇಡ ಎಂದು ಹೇಗೋ ಹೇಳಿದೆ.

"ಹೂವಿಗೆ ಅವೆಲ್ಲ ಗೊತ್ತಿಲ್ಲ ಮಗಳ. ಕೈ ಅಲಗಾಡಬಾರದು, ಅಷ್ಟ" ಎಂದರು.

ಉಸಿರು ಹಿಡಿದು ಮಾಡಿದೆ. ಹೊಲಿಗೆಯ ದಾರ ಕಟ್ಟಿದೆ. ಕಾಕಾ ಎದ್ದು ನಿಂತು, ಮುಲ್ಲಾನೂ ಇಲ್ಲ, ಐನಾರೂ ಇಲ್ಲ, ಆದರೂ ಲಗ್ನ ಲಗ್ನನ ಎಂದು ನಕ್ಕು ನನಗೊಂದು ಬೆಲ್ಲದ ತುಂಡು ಕೊಟ್ಟರು. ಒಂದು ವರ್ಷದಿಂದ ಯಾರೂ ನನ್ನ ಕೈಯಿಂದ ಒಳ್ಳೆಯದೊಂದು ಆರಂಭ ಮಾಡಿಸಿರಲಿಲ್ಲ. ಆ ದಿನದಿಂದ ಆ ಕಾಯಿ ನನ್ನದೂ ಆಯಿತು.

ಬಳ್ಳಿಯಲ್ಲಿ ಅದೊಂದೇ ಕಾಯಿ ಉಳಿಸಿ ಮಿಕ್ಕ ಹೀಚುಗಳನ್ನೆಲ್ಲ ಕಾಕಾ ಚಿವುಟಿ ಹಾಕಿದರು. ಅಡಿಗೆ ಮರಳು ಹಾಸಿದರು. ಮೇಲೆ ತಮ್ಮ ಹಳೆಯ ಲುಂಗಿ ಕಟ್ಟಿ ನೆರಳು ಮಾಡಿದರು. ನೋಡಲು ಬಂದವರು ಬೆರಳು ತೋರಿಸಿದರೆ ಕಾಯಿ ಕೊಳೆಯುತ್ತದೆ ಎಂಬ ಭಯ ನನ್ನಂತೆ ಅವರಿಗೂ ಇತ್ತು. ಬಾಯಿಯ ಗೆಳತಿಯರು ಬಂದಾಗ ಕಾಕಾ ಬೆರಳು ಮಡಚಿ ಗೆಣ್ಣಿನಿಂದ ತೋರಿಸುತ್ತಿದ್ದರು. ಅವರು ಬೆರಳು ಚಾಚಿದರೆ ಇವರು ನಡುವೆ ಬಂದು ನಿಲ್ಲುತ್ತಿದ್ದರು. ಕಾಯಿ ದಿನದಿಂದ ದಿನಕ್ಕೆ ಉಬ್ಬಿತು. ಈಗಿನ ನೀವಿಬ್ಬರೂ ಎರಡು ಕಡೆಯಿಂದ ತಬ್ಬಿದರೂ ಕೈಗೆ ಕೈ ಕೂಡದಷ್ಟಾಯಿತು. ಬಾಯಿಯೂ ಸಂಜೆ ಕುರ್ಚಿ ಹಾಕಿಸಿಕೊಂಡು ಅದರ ಪಕ್ಕ ಕೂರತೊಡಗಿದರು.

ಎಳ್ಳ ಅಮಾವಾಸ್ಯೆ ಹತ್ತಿರ ಬಂತು. ಪ್ರದರ್ಶನಕ್ಕೆ ಇನ್ನೂ ಹನ್ನೆರಡು ದಿನ. ಕಾಕಾ ಬಳ್ಳಿಗೆ ನೀರು ಕಡಿಮೆ ಮಾಡಿದ್ದರು, ರಸವನ್ನು ಪೂರ್ತಿ ನಿಲ್ಲಿಸಿದ್ದರು. ಮಧ್ಯಾಹ್ನ ಎಲೆಗಳು ಬಾಡಿ ಜೋತುಬೀಳುತ್ತಿದ್ದವು. ಹೋಗುವಾಗ ಬರುವಾಗ ನಾನು ಅವನ್ನು ಎತ್ತಿ ನಿಲ್ಲಿಸಿ ನೋಡುತ್ತಿದ್ದೆ. ಯಾಕೆ ಹೀಗೆ ಎಂದು ಕೇಳಲು ನಾಚಿಕೆ. ಅವರಾಗಿಯೇ ಹೇಳಿದ್ದು ಇಷ್ಟೇ: "ಈಗ ತಿನ್ನಾಕ ಕೊಡೂದಕಿಂತ ತಡಿಯೂದ ಕಷ್ಟ ಐತಿ." ಅಷ್ಟರಲ್ಲಿ ಮಗಳಿಗೆ ಜ್ವರವೆಂದು ಫೋನು ಬಂತು. ಎರಡು ದಿನಕ್ಕೆ ಝುವಾರಿನಗರಕ್ಕೆ ಹೊರಟರು. ದಿನಕ್ಕೆ ಅರ್ಧ ಬಕೆಟ್ ನೀರು, ಬೇರೆ ಏನೂ ಬೇಡ ಎಂದು ನನಗೆ ಹೇಳಿ ಹೋದರು.

ಮಕ್ಕಳೇ, ನಮ್ಮ ಊರಿನಲ್ಲಿ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲುತ್ತಾರೆ. ಆ ದಿನ ಭೂಮಿತಾಯಿ ತುಂಬಿದ ಬಸುರಿ. ಸಜ್ಜೆರೊಟ್ಟಿ, ಪಲ್ಯ, ಹೋಳಿಗೆ ಎಲ್ಲ ಕಲಸಿ ಹೊಲದ ನಾಲ್ಕು ಮೂಲೆಗೆ, ನಡುವೆ ಒಮ್ಮೆ, ಹೀಗೆ ಐದು ಕಡೆ ಚೆಲ್ಲಿ ಅವಳಿಗೆ ಉಣಿಸುತ್ತಾರೆ. ಆ ದಿನ ಯಾರ ಹೊಲವೂ ಉಪವಾಸ ಇರುವುದಿಲ್ಲ. ಹಿಂದೆ ನಾನೂ ಚರಗದ ಬುಟ್ಟಿ ಹೊತ್ತವಳೇ. ಈಗ ಊರಿಗೆ ಹೋದರೆ ಬುಟ್ಟಿ ಮುಟ್ಟಗೊಡುವುದಿಲ್ಲ ಎಂದು ಗೊತ್ತಿತ್ತು. ಆದರೆ ಇಲ್ಲಿ, ಈ ಹಿತ್ತಲಿನಲ್ಲಿ, ನನ್ನ ಕೈಯಿಂದ ಲಗ್ನವಾದ ಬಳ್ಳಿ ಹಸಿದು ನಿಂತಿತ್ತು...

ಬೆಳಗ್ಗೆ ಮನೆಯಲ್ಲಿ ಸಜ್ಜೆರೊಟ್ಟಿ ಬಡಿದು ಒಯ್ದೆ. ಬಳ್ಳಿಯ ಸುತ್ತ ನಾಲ್ಕು ಮೂಲೆಗೆ, ಬುಡಕ್ಕೆ, ಚರಗ ಚೆಲ್ಲಿದೆ. ಬಸುರಿಗೆ ರೊಟ್ಟಿ ಕೊಟ್ಟು ನೀರು ಕೊಡದೆ ಇರಲಾದೀತೇ? ಶೆಡ್ಡಿನಿಂದ ಬಾಟಲಿ ತಂದೆ. ಐದು ಬಕೆಟ್ ನೀರು. ಪ್ರತಿ ಬಕೆಟ್ಟಿಗೆ ಮುಚ್ಚಳದ ತುಂಬ ರಸ. ಬುಡಕ್ಕೆ ಸುರಿದೆ. ಮಣ್ಣು ಗುಟುಗುಟು ಕುಡಿಯಿತು. ಸಂಜೆಯ ಹೊತ್ತಿಗೆ ಎಲೆಗಳೆಲ್ಲ ಎದ್ದು ನಿಂತಿದ್ದವು. ಎಷ್ಟು ಖುಷಿಪಟ್ಟೆನೆಂದರೆ, ಮನೆಗೆ ನಡೆದು ಹೋಗುವಾಗ ನನ್ನಷ್ಟಕ್ಕೆ ಹಾಡಿಕೊಂಡೆ.

ಮೂರನೆಯ ದಿನ ನಾನು ಹೋದಾಗ ಕಾಕಾ ಬಂದಿದ್ದರು. ಕಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ತೊಟ್ಟಿನ ಹತ್ತಿರದಿಂದ ಹೊಟ್ಟೆಯವರೆಗೆ ಕಾಯಿ ಸೀಳಿತ್ತು. ನಾಲ್ಕು ಬೆರಳು ಒಳಗೆ ಹೋಗುವಷ್ಟು. ಒಳಗಿನ ಕೇಸರಿ ಬಣ್ಣ ಹಸಿ ಗಾಯದಂತೆ ಕಾಣುತ್ತಿತ್ತು, ಇರುವೆ ಆಗಲೇ ಸಾಲು ಹಿಡಿದಿತ್ತು. ಒಣಗಿಸಿಟ್ಟ ಬಳ್ಳಿಗೆ ಒಮ್ಮೆಲೇ ಅಷ್ಟು ನೀರು, ಅಷ್ಟು ಊಟ ಸಿಕ್ಕರೆ ಒಳಗಿನ ತಿರುಳು ಉಬ್ಬುತ್ತದೆ, ಬಲಿತ ಸಿಪ್ಪೆ ತಾಳುವುದಿಲ್ಲ. ಅದನ್ನೇ ಅವರು ತಡೆಯುತ್ತಿದ್ದರೆಂದು ನನಗೆ ಆಗ ತಿಳಿಯಿತು. ಸೀಳಿದ ಕಾಯಿಯನ್ನು ಪಂದ್ಯದಲ್ಲಿ ತೂಕಕ್ಕೇ ಇಡುವುದಿಲ್ಲ.

ಬಾಯಿ ಓಡಿಬಂದರು. ಏನಾಯಿತು, ಯಾರು ಏನು ಮಾಡಿದರು ಎಂದು ಕೇಳಿದರು. ನಾನು ಕಸಬರಿಗೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದೆ. ಹೇಳಬೇಕೆಂದು ಒಂದು ಮೆಟ್ಟಿಲು ಇಳಿದೆ. ಇಳಿದವಳು ಅಲ್ಲೇ ಗುಡಿಸತೊಡಗಿದೆ. ಕಾಕಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ತಪ್ಪು ತಮ್ಮದು, ಮೊದಲ ನಂಬರಿನ ಆಸೆಗೆ ಬಿದ್ದು, ಮಗಳ ಮನೆಗೆ ಹೋಗುವ ಮುಂಚೆ ತಾವೇ ಹೆಚ್ಚು ಹಾಕಿದ್ದು ಎಂದು ಬಾಯಿಗೆ ಹೇಳಿದರು. ಬಾಯಿ ಒಳಗೆ ಹೋದರು. ಅವರ ಕುರ್ಚಿಯನ್ನು ನಾನೇ ಎತ್ತಿ ಒಳಗಿಟ್ಟೆ.

ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕಬಾರದಲ್ಲ. ಆ ಸಂಜೆ ಕಾಕಾ ಕುಡಗೋಲಿನಿಂದ ಮೊದಲ ಏಟು ಹಾಕಿ, ಉಳಿದದ್ದನ್ನು ಹೆಚ್ಚಲು ನನಗೆ ಬಿಟ್ಟರು. ಸುತ್ತಲಿನ ಎಲ್ಲ ಮನೆಗಳಿಗೂ ಹಂಚಿದೆವು. ಗೋಣಿಚೀಲದ ಮೇಲೆ ಎದುರುಬದುರು ಕುಳಿತು ಹೆಚ್ಚುವಾಗ, ಕೈಯಲ್ಲಿದ್ದ ತುಂಡಿನ ಮೇಲೆ ಕಣ್ಣಿಟ್ಟುಕೊಂಡೇ ಕಾಕಾ ಹೇಳಿದರು.

"ಸಜ್ಜಿ ರೊಟ್ಟಿ ಇತ್ತಲ್ಲ, ಮಗಳ. ನನಗೊಂದ ತುಂಡರೆ ತಗದಿಡಬೇಕಿತ್ತ."

ಬಳ್ಳಿಯ ಬುಡದಲ್ಲಿ ರೊಟ್ಟಿಯ ಚೂರು ನೋಡಿದ್ದರು. ಬಾಟಲಿ ಇಳಿದದ್ದನ್ನೂ ನೋಡಿರಬೇಕು. ಆಗಲೂ ನಾನು ಹೇಳಲಿಲ್ಲ. ತಲೆ ತಗ್ಗಿಸಿ ಹೆಚ್ಚುತ್ತಲೇ ಇದ್ದೆ.

ಒಂದು ತಿಂಗಳೊಳಗೆ ಪೇವರಿನ ಲಾರಿ ಬಂತು. ಕಾಕಾ ತಮ್ಮ ಬಟ್ಟೆಗಂಟು, ಕಳೆ ತೆಗೆಯುವ ಒಂದು ಕುರ್ಪಿ ತೆಗೆದುಕೊಂಡು ಝುವಾರಿನಗರದ ಬಸ್ಸು ಹತ್ತಿದರು. ನಾನು ಸ್ಟಾಪಿನವರೆಗೂ ಗಂಟು ಹೊತ್ತುಕೊಂಡು ಹೋದೆ. ದಾರಿಯುದ್ದಕ್ಕೂ ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಂಡೆ. ಬಸ್ಸು ಬಂತು. ಹುಷಾರಿಂದ ಇರು ಎಂದರು. ಹ್ಞೂಂ ಎಂದೆ. ಆಮೇಲೆ ಹೋಗಿ ನೋಡಬೇಕೆಂದು ಪ್ರತಿ ವರ್ಷ ಅಂದುಕೊಂಡೆ. ಒಂದು ವರ್ಷ ನಿಮ್ಮ ಅವ್ವನ ಮದುವೆ, ಇನ್ನೊಂದು ವರ್ಷ ನೀವು ಹುಟ್ಟಿದಿರಿ, ಮತ್ತೊಂದು ವರ್ಷ ನನ್ನ ಮೊಣಕಾಲು ನೋವು... ಕಾರಣಗಳಿಗೇನು ಬರ.

ಹೋದ ವರ್ಷ ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ, ಹಿಂದೆ ಅಪ್ಪನನ್ನು ನೋಡಲು ಬಂಗಲೆಗೆ ಬಂದಿದ್ದ ಕಾಕಾನ ಮಗಳು ನನ್ನನ್ನು ಗುರುತು ಹಿಡಿದಳು. ಕಾಕಾ ತೀರಿಹೋಗಿ ಆಗಲೇ ಎಂಟು ತಿಂಗಳಾಗಿತ್ತು. ಒತ್ತಾಯ ಮಾಡಿ ಮನೆಗೆ ಕರೆದೊಯ್ದಳು. ಚಹಾ ಕೊಟ್ಟಳು. ನಾನು ಬಂಗಲೆಯವಳೆಂದು ತಿಳಿದದ್ದೇ ಅವಳ ಮಕ್ಕಳು ಕುಂಬಳಕಾಯಿಯ ಕಥೆ ತೆಗೆದರು. ಆ ಮನೆಯಲ್ಲಿ ಅದು ನಗುವ ಕಥೆಯಾಗಿದೆ. ಯಾರಾದರೂ ತಟ್ಟೆಗೆ ಹೆಚ್ಚು ಹಾಕಿಕೊಂಡರೆ, ನಾನಾ ಕುಂಬಳಕ್ಕೆ ಹಾಕಿದ ಹಾಗೆ ಎನ್ನುತ್ತಾರಂತೆ. ನಾನಾ ಎಂದರೆ ಅವರಿಗೆ ಅಜ್ಜ.

"ನಮ್ಮ ಅಬ್ಬಾನ ಆಸೆ ಭಾಳ ದೊಡ್ಡದಿತ್ತ ನೋಡ್ರಿ, ಮೌಶಿ. ತಾವ ಹಾಕಿ ತಾವ ಒಡದ್ರು" ಎಂದು ಅವಳೂ ನಕ್ಕಳು.

ಕಾಕಾ ತಮ್ಮ ಮನೆಯವರಿಗೂ ನಿಜ ಹೇಳಿರಲಿಲ್ಲ. ಮೊಮ್ಮಕ್ಕಳು ನಕ್ಕಾಗ ಅವರೂ ಜೊತೆಗೆ ನಗುತ್ತಿದ್ದರಂತೆ. ಹದಿನಾಲ್ಕು ವರ್ಷದ ಮೇಲೆ ನಾಲ್ಕನೆಯ ಸಲ, ಹೇಳಬೇಕಾದ ಜಾಗದಲ್ಲಿ ಕುಳಿತು, ನಾನು ಚಹಾ ಕುಡಿದು ಎದ್ದು ಬಂದೆ.

ಕಾಕಾ ಇಲ್ಲ. ಅವರಿಗೆ ಹೇಳುವ ದಾರಿ ಇನ್ನಿಲ್ಲ, ಅದು ನನಗೆ ಗೊತ್ತು. ಆದರೆ ಆ ಮನೆಯ ಮಕ್ಕಳು ತಮ್ಮ ನಾನಾನನ್ನು ನನ್ನ ತಪ್ಪಿಗಾಗಿ ಆಸೆಬುರುಕ ಎಂದು ನಗುತ್ತ ದೊಡ್ಡವರಾಗುತ್ತಿದ್ದಾರೆ. ಬರುವ ಭಾನುವಾರ ನೀವಿಬ್ಬರೂ ನನ್ನ ಜೊತೆ ಝುವಾರಿನಗರಕ್ಕೆ ಬರಬೇಕು. ಈ ಕಾಗದಗಳನ್ನು ಅವರೆಲ್ಲರ ಮುಂದೆ ಗಟ್ಟಿಯಾಗಿ ಓದಬೇಕು, ಒಂದು ಸಾಲೂ ಬಿಡಬಾರದು. ಅವರು ಏನಾದರೂ ಅನ್ನಲಿ. ನಾನು ಬಾಗಿಲ ಹತ್ತಿರ ಕುಳಿತಿರುತ್ತೇನೆ. ನಡುವೆ ಎದ್ದು ಹೊರಟರೆ ನನ್ನ ಸೆರಗು ಹಿಡಿದು ಕೂರಿಸಿ, ಮುಂದಕ್ಕೆ ಓದಿ.